ವಹಿಯಲ್ಲಿ ಹದಿನೇಳು ಕೆಲಸ, ಅವ್ವನಿಗೆ ನಾಲ್ಕು ತಾಸು ನಿದ್ದೆ

ಈ ವಾರ ಉತ್ತರಿಸುವವರು: ಹುಬ್ಬಳ್ಳಿಯ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ (ಉಣ್ಣುವುದು, ತೊಡುವುದು, ಕೈಕೆಲಸದಂಥ ದಿನನಿತ್ಯದ ಕೆಲಸ ಕಲಿಸುವವರು)

ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ‘ಮೇಡಂ, ಇನ್ನೂ ಏನು ಮಾಡಿಸಬೇಕು?’ ಊರು, ಮಗುವಿನ ವಯಸ್ಸು ಮಾತ್ರ ಬೇರೆ. ಒಬ್ಬರಿಗೆ ಪೂರಾ ಉತ್ತರ ಬರೆಯುತ್ತೇನೆ. ಉಳಿದವರೂ ಅದನ್ನೇ ಓದಿಕೊಳ್ಳಿ.

ಪ್ರಶ್ನೆ: ಮಗನಿಗೆ 6 ವರ್ಷ, ಆಟಿಸಂ ಇದೆ. ವಾರಕ್ಕೆ ಮೂರು ದಿನ ಹುಬ್ಬಳ್ಳಿಗೆ ಥೆರಪಿಗೆ ಕರೆದೊಯ್ಯುತ್ತೇನೆ. ಮನೆಯಲ್ಲೂ ದಿನಕ್ಕೆ ಮೂರು ತಾಸು ಮಾಡಿಸುತ್ತೇನೆ. ನನಗೆ ರಾತ್ರಿ ನಾಲ್ಕು ತಾಸು ನಿದ್ದೆ ಸಿಕ್ಕರೆ ಹೆಚ್ಚು. ಮೊನ್ನೆ ಸಿಟ್ಟು ತಡೆಯಲಾರದೆ ಅವನಿಗೆ ಹೊಡೆದುಬಿಟ್ಟೆ. ಮನೆಯಲ್ಲಿ ನಾಲ್ಕು ತಾಸು ಮಾಡಿಸಿದರೆ ಬೇಗ ಸುಧಾರಿಸುತ್ತಾನಾ? (ಒಬ್ಬ ತಾಯಿ, ಬೆಟಗೇರಿ)

ಇಲ್ಲ. ಮೂರನ್ನು ಒಂದಕ್ಕೆ ಇಳಿಸಿ. ಆ ಒಂದು ತಾಸಿಗೂ ಅವನನ್ನು ಚಾಪೆ ಮೇಲೆ ಹಿಡಿದು ಕೂರಿಸಬೇಡಿ.

ಹೊಡೆದದ್ದು ತಪ್ಪು. ಅದು ನಿಮಗೂ ಗೊತ್ತು, ಅದಕ್ಕೇ ಬರೆದಿದ್ದೀರಿ. ಆದರೆ ನಾಲ್ಕು ತಾಸು ಮಲಗುವವರಿಗೆ ತಾಳ್ಮೆ ಎಲ್ಲಿಂದ ಬರಬೇಕು ಹೇಳಿ?

ಕಳೆದ ತಿಂಗಳು ನಿಮ್ಮಂಥದೇ ಒಬ್ಬ ತಾಯಿ ಮಗನ ವಹಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಮನೆಯಲ್ಲಿ ಮಾಡಿಸಬೇಕಾದ ಕೆಲಸಗಳ ವಹಿ. ಮಾತು ಕಲಿಸುವ ಸ್ಪೀಚ್ ಥೆರಪಿಯವರು ಕೊಟ್ಟದ್ದು ಆರು, ವಿಶೇಷ ಶಿಕ್ಷಕರು ಕೊಟ್ಟದ್ದು ಐದು, ನಾನು ಕೊಟ್ಟದ್ದು ಆರು. ಒಟ್ಟು ಹದಿನೇಳು. ದಿನಾ ಎಲ್ಲದರ ಮುಂದೆ ರೈಟ್ ಗುರುತು. ಕೊನೆಯ ಹಾಳೆಗಳಲ್ಲಿ ಪೆನ್ನಿನ ಗೆರೆ ಸಾಲು ಬಿಟ್ಟು ಕೆಳಗೆ ಜಾರಿತ್ತು. ಬರೆಯುತ್ತಲೇ ತೂಕಡಿಸಿದ್ದರು. ಇನ್ನೊಬ್ಬರು ಎಷ್ಟು ಕೊಟ್ಟಿದ್ದಾರೆ ಎಂದು ನಾವು ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲೇ ಹದಿನಾಲ್ಕಕ್ಕೆ ಕಾಟು ಹಾಕಿದೆ.

ಉಳಿಸಿದ ಮೂರು ಇವು. ರೊಟ್ಟಿ ಹಿಟ್ಟು ನಾದುವಾಗ ಒಂದು ಉಂಡೆ ಅವನ ಕೈಗೆ ಕೊಡಿ. ಒತ್ತಲಿ, ತಟ್ಟಲಿ, ಅರ್ಧ ನೆಲಕ್ಕೆ ಬಿದ್ದರೂ ಬೀಳಲಿ. ಅಂಗೈಗೂ ಬೆರಳಿಗೂ ಅದೇ ಕಸರತ್ತು. ಅಂಗಿ ತೊಡಿಸುವಾಗ ಎಲ್ಲ ಗುಂಡಿ ನೀವು ಹಾಕಿ, ಕೊನೆಯದೊಂದು ಅವನಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ನೀರು ಕೊಡುವಾಗ ಲೋಟ ಹಿಡಿದು, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಅವನು ಮಾತಾಡಲಿ, ಕೈ ಮಾಡಲಿ, ಸುಮ್ನೆ ನಿಮ್ಮ ಮುಖ ನೋಡಲಿ, ಏನಾದರೂ ಸರಿ, ತಕ್ಷಣ ಕೊಡಿ. ಏನೂ ಮಾಡದಿದ್ದರೂ ಕೊಡಿ, ಬಾಯಾರಿದ ಮಗುವನ್ನು ಸತಾಯಿಸಬಾರದು. ಹೇಗೂ ಮಾಡುವ ಕೆಲಸಗಳೇ ಇವು. ಇದಕ್ಕೆ ಬೇರೆ ಹೊತ್ತು ಬೇಡ.

ನಿಮ್ಮ ಥೆರಪಿಸ್ಟ್‌ಗಳಿಗೂ ಬಾಯಿ ಬಿಟ್ಟು ಹೇಳಿ: ‘ಇಷ್ಟು ನನ್ನ ಕೈಲಿ ಆಗಲ್ಲ, ಇದರಲ್ಲಿ ಮೂರು ಆರಿಸಿಕೊಡಿ.’ ಬೈದರೆ ಬೈಯಲಿ.

ಪತ್ರದಲ್ಲಿ ಮಗುವಿನ ತಂದೆಯ ಮಾತೇ ಇಲ್ಲ. ಅವರು ಮನೆಯಲ್ಲಿದ್ದರೆ ಈ ಪ್ಯಾರಾ ಅವರಿಗೆ. ಯಜಮಾನರೇ, ವಾರಕ್ಕೆ ಎರಡು ಸಂಜೆ ಮಗ ನಿಮ್ಮ ಪಾಲು. ಆ ಹೊತ್ತು ಮಗುವಿನ ತಾಯಿ ಮನೆಯಲ್ಲಿ ಇರಬಾರದು. ಇದ್ದರೆ ಮಗು ಅವರ ಸೆರಗನ್ನೇ ಹಿಡಿಯುತ್ತದೆ, ನೀವು ಮೊಬೈಲ್ ಹಿಡಿಯುತ್ತೀರಿ. ತವರಿಗೆ ಹೋಗಲಿ, ಗುಡಿಗೆ ಹೋಗಲಿ, ಪಕ್ಕದ ಮನೆಯಲ್ಲಿ ಮಲಗಲಿ. ಎಲ್ಲಿಗೆ ಎಂದು ಕೇಳಬೇಡಿ. ತಂದೆ ಮನೆಯಲ್ಲಿಲ್ಲದಿದ್ದರೆ ಅತ್ತೆ, ಮೈದುನ, ಅಕ್ಕ, ಯಾರಾದರೂ ಒಬ್ಬರು ಈ ಎರಡು ಸಂಜೆ ಹೊರಬೇಕು.

ತಾಯಿ, ಇನ್ನೊಂದು ಮಾತು. ಮಗು ಮಲಗಿದ ಮೇಲೂ ನಿದ್ದೆ ಬರುತ್ತಿಲ್ಲವಾ? ಊಟ ಸೇರುತ್ತಿಲ್ಲವಾ? ‘ನಾವಿಬ್ಬರೂ ಇಲ್ಲದಿದ್ದರೇ ಚೆಂದ’ ಅಂತ ಒಮ್ಮೆಯಾದರೂ ಅನ್ನಿಸಿದೆಯಾ? ಹಾಗಿದ್ದರೆ ನನ್ನ ಉತ್ತರಕ್ಕೆ ಕಾಯಬಾರದಿತ್ತು. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ನಡುರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮಗನಿಗಾಗಿ ಹೋಗಿದ್ದರೆ ಈ ಸಲ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ.

ಪ್ರಶ್ನೆ: ಮಾತು ಬರಲೆಂದು ಬಜೆ ತೇಯ್ದು ನೆಕ್ಕಿಸಬಹುದಾ? ನಾಲಿಗೆಯ ದಾರ ಕತ್ತರಿಸಿಕೊಡುವವರೂ ಇದ್ದಾರಂತೆ.

ಬೇಡ. ಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸ್ಟೆಮ್ ಸೆಲ್ ಹಾಕಿಸಿದರೆ ಆಟಿಸಂ ಪೂರ್ತಿ ಹೋಗುತ್ತದಂತೆ. ಹೊಲ ಒತ್ತೆ ಇಡಲು ತಯಾರಿದ್ದೇವೆ.

ಹೊಲ ಹೋಗುತ್ತದೆ, ಆಟಿಸಂ ಹೋಗುವುದಿಲ್ಲ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ‘ಗ್ಯಾರಂಟಿ’ ಎಂಬ ಮಾತು ಬಂದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡಿ.

ಪ್ರಶ್ನೆ: ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದರೆ ಮುಂದೆ ಮಗಳ ಮದುವೆಗೆ ತೊಂದರೆ ಅಲ್ವಾ?

ಮಗಳಿಗೆ ಈಗ ನಾಲ್ಕು ವರ್ಷ. ಸುಮ್ನೆ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಅದನ್ನೂ ವಿಚಾರಿಸಿ.

ಪ್ರಶ್ನೆ: ನಿಮ್ಮಲ್ಲಿ ಎರಡು ತಿಂಗಳು ಕಾಯಬೇಕಂತೆ. ದಿನಕ್ಕೆ ಇನ್ನೂ ನಾಲ್ಕು ಮಕ್ಕಳನ್ನು ನೋಡಬಾರದಾ?

ಇದು ಪ್ರತಿ ತಿಂಗಳೂ ಬರುತ್ತದೆ, ಪ್ರತಿ ತಿಂಗಳೂ ಸಿಟ್ಟು ತರಿಸುತ್ತದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ದಿನಕ್ಕೆ ಹದಿನಾಲ್ಕು ಮಕ್ಕಳನ್ನು ನೋಡುತ್ತಿದ್ದೆ. ಒಂದು ಸಂಜೆ ಹದಿಮೂರನೆಯ ಹುಡುಗಿ ಮಣಿ ಪೋಣಿಸುತ್ತಾ ಬಟ್ಟಲನ್ನು ಮೂರನೇ ಸಲ ಚೆಲ್ಲಿದಳು. ಅವಳ ಕೈಯಿಂದ ದಾರ ಕಸಿದುಕೊಂಡೆ. ಅವಳು ಅಳಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು, ಅಷ್ಟೆ. ಆಮೇಲೆ ಅವಳು ನನ್ನ ಹತ್ತಿರ ಕೂರಲು ಒಂದೂವರೆ ತಿಂಗಳು ಬೇಕಾಯಿತು.

ಈಗ ದಿನಕ್ಕೆ ಏಳೇ ಮಕ್ಕಳು. ಎಂಟನೆಯವರನ್ನು ತಗೊಳ್ಳುವುದಿಲ್ಲ, ಶಾಸಕರ ಕಡೆಯಿಂದ ಫೋನ್ ಬಂದರೂ. ಕಾಯುವಷ್ಟು ದಿನ ಮನೆಯಲ್ಲೇ ಕೂರಬೇಡಿ. ಜಿಲ್ಲಾ ಆಸ್ಪತ್ರೆಗೆ ಹೋಗಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೋಡುವ ಸರ್ಕಾರಿ ಕೇಂದ್ರ, ಎಲ್ಲಿದೆ ಎಂದು ಕೇಳಿ. ಹೋಗುವಾಗ ಹಳೆಯ ವಹಿಯನ್ನೂ ಒಯ್ಯಿರಿ.