‘ನನಗೆ ಗಣಿತ ಹತ್ತುವುದಿಲ್ಲ’ ಎಂಬ ನಂಬಿಕೆಯನ್ನು ಸಕಾರಾತ್ಮಕ ಮನೋಭಾವದಿಂದ ಮೀರಬಹುದೇ?

ಮೀರಬಹುದು. ಆದರೆ ಕನ್ನಡಿಯ ಮುಂದೆ ನಿಂತು ‘ನಾನು ಜಾಣ’ ಎಂದು ಹೇಳಿಕೊಳ್ಳುವುದರಿಂದ ಅಲ್ಲ. ನಿಮ್ಮ ಕೈಗೆಟುಕುವ ಲೆಕ್ಕವನ್ನು ಹಿಡಿದು ಬಿಡಿಸುವುದರಿಂದ.

ಇಂಥ ನಂಬಿಕೆ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬರುವುದಿಲ್ಲ ಎಂದುಕೊಂಡವರು ಗಣಿತವನ್ನು ನಾಳೆಗೆ ತಳ್ಳುತ್ತಾರೆ, ಅಭ್ಯಾಸ ತಪ್ಪುತ್ತದೆ, ಅಂಕ ಇಳಿಯುತ್ತದೆ. ಆಗ ‘ನಾನು ಹೇಳಿರಲಿಲ್ಲವೇ?’ ಎನ್ನುತ್ತಾರೆ! ಸಾಲದ್ದಕ್ಕೆ, ಲೆಕ್ಕದ ಹಂತಗಳನ್ನು ಆ ಕ್ಷಣಕ್ಕೆ ಹಿಡಿದಿಡಬೇಕಾದ ನೆನಪಿನ ಒಂದಷ್ಟು ಜಾಗವನ್ನು ಆತಂಕ ಕಬಳಿಸುತ್ತದೆ. ಹಾಗಾಗಿ ಬರುವ ಲೆಕ್ಕವೂ ತಪ್ಪುತ್ತದೆ.

‘ಇದು ನನ್ನಿಂದ ಆಗುತ್ತದೆ’ ಎಂಬ ಭರವಸೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಇತರರ ಪ್ರೋತ್ಸಾಹದ ಮಾತಿಗಿಂತ ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಅವರು ಹೆಚ್ಚು ತೂಕ ಕೊಟ್ಟರು. ಬರೀ ಆತ್ಮಪ್ರಶಂಸೆ ತಿರುಗುಬಾಣವೂ ಆಗಬಹುದು: 2009ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆಯಿದ್ದವರಿಗೆ ಅಂಥ ವಾಕ್ಯ ಹೇಳಿಕೊಂಡ ಮೇಲೆ ಇನ್ನಷ್ಟು ಬೇಸರವಾಗಿತ್ತು.

ಹತ್ತನೆಯ ತರಗತಿಯ ಬೀಜಗಣಿತದಲ್ಲಿ ಎಡವುತ್ತಿದ್ದರೆ ಭಿನ್ನರಾಶಿಗೆ ಹಿಂದಿರುಗಿ. ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಉತ್ತರ ತಪ್ಪಾದಾಗ ‘ನಾನು ದಡ್ಡ’ ಎನ್ನುವ ಬದಲು ಯಾವ ಹಂತ ತಪ್ಪಿತು ಎಂದು ಹುಡುಕಿ, ಅಲ್ಲಿಂದಲೇ ಮತ್ತೆ ಬಿಡಿಸಿ.