ಡಿಎನ್‌ಎ ಒಳಗೆ ನಿಜವಾಗಿಯೂ ರಾಗ ಇರುತ್ತಾ?

ಜೀನ್‌ನ ಅಕ್ಷರಗಳಿಂದ ಸಂಗೀತ ಮಾಡ್ತಾರಂತೆ, ಅದು ಅದರೊಳಗೇ ಇರುತ್ತಾ ಇಲ್ಲ ಸುಮ್ನೆ ಗಿಮಿಕ್ಕಾ ಅಂತ ಕೇಳಿದ್ದೀರಿ.

ರಾಗ ಇರುವುದಿಲ್ಲ, ನಾವೇ ಹಾಕಬೇಕು. ಹಾಗಂತ ಪೂರ್ತಿ ಗಿಮಿಕ್ ಅಂತಲೂ ಹೇಳಲಾರೆ, ಒಂದು ಮಳೆಗಾಲ ನಾನೇ ಕೂತು ಮಾಡಿದ್ದೇನೆ. ನಮ್ಮದು ಸಾಗರದ ಹತ್ತಿರ. ಮಳೆ ಹಿಡಿದರೆ ತೋಟಕ್ಕೂ ಹೋಗುವ ಹಾಗಿಲ್ಲ, ಮನೆಯಲ್ಲಿ ಕೀಬೋರ್ಡ್ ಇತ್ತು. ನಮ್ಮ ಕಡೆಯದೇ ಇರಲಿ ಅಂತ ಮಂಗನ ಕಾಯಿಲೆಯ ವೈರಸ್ ಹಿಡಿದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸಿಕ್ಕಿದ್ದಲ್ವಾ ಅದು. ಅದರದ್ದು ಡಿಎನ್‌ಎ ಅಲ್ಲ, ಅದರ ಹತ್ತಿರದ ನೆಂಟ ಆರ್‌ಎನ್‌ಎ, ಸುಮಾರು 11 ಸಾವಿರ ಅಕ್ಷರ, ಅಮೆರಿಕದ ಜೀನ್ ಭಂಡಾರ ಎನ್‌ಸಿಬಿಐ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಮೊದಲು ಅಕ್ಷರಕ್ಕೊಂದು ಸ್ವರ ಕೊಟ್ಟೆ. ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ (ಆರ್‌ಎನ್‌ಎಯಲ್ಲಿ ಟಿ ಬದಲು ಯು, ಆದರೆ ಸೈಟಿನಲ್ಲಿ ಟಿ ಅಂತಲೇ ಬರೆದಿರುತ್ತಾರೆ), ನಾಲ್ಕೇ ಸ್ವರ. ಬಾಲಮುರಳಿಕೃಷ್ಣ ನಾಲ್ಕು ಸ್ವರದಲ್ಲೇ ಮಹತಿ ರಾಗ ಕಟ್ಟಿದರು, ಆದರೆ ವೈರಸ್ ಬಾಲಮುರಳಿ ಅಲ್ವಲ್ಲ! ಅಜ್ಜಿ ಒಳಗಿಂದ "ಎಂತದಾ ಅದು, ಪೆಟ್ಟಿಗೆಯೊಳಗೆ ಜೀರುಂಡೆ ಹೊಕ್ಕಿದ್ಯಾ?" ಅಂದರು.

ಜೀವಕೋಶ ಓದುವುದು ಮೂರು ಮೂರು ಅಕ್ಷರವಾಗಿ. ಅಂದರೆ ತಕಿಟ, ತಕಿಟ! ಎಟಿಜಿ ಅನ್ನುವಲ್ಲಿ ಎತ್ತುಗಡೆ, ಅಲ್ಲಿ ಒಂದೇ ಅಕ್ಷರ ಜಾರಿದರೂ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದ ಹಾಗೆ ಮುಂದಿನದ್ದೆಲ್ಲ ಬೇರೆಯೇ ಆಗಿಬಿಡುತ್ತದೆ. ಹೀಗೆ 64 ಗುಂಪು, ಅದರಲ್ಲಿ 3 ನಿಲ್ಲಿಸುವ ಗುರುತು, ಉಳಿದ 61ರಿಂದ 20 ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ತುಣುಕುಗಳು. ಮೋಹನ ರಾಗಕ್ಕೆ 5 ಸ್ವರ, 4 ಸ್ಥಾಯಿ ಹಿಡಿದರೆ ಸರಿಯಾಗಿ 20! ಭಾರೀ ಖುಷಿಯಾಯಿತು. ನುಡಿಸಿದರೆ ಮಂಗ ಮರದಿಂದ ಮರಕ್ಕೆ ಹಾರಿದ ಹಾಗೆ ಸ್ಥಾಯಿಯಿಂದ ಸ್ಥಾಯಿಗೆ ಜಿಗಿತ.

ಈ ತಲೆನೋವು ನನಗೊಬ್ಬನಿಗೇ ಅಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ರೀ ತಕಹಾಶಿ, ಜೆಫ್ರಿ ಮಿಲ್ಲರ್ ಒಂದನ್ನೊಂದು ಹೋಲುವ ಆಮ್ಲಗಳನ್ನು ಒಂದೇ ಸ್ವರಕ್ಕೆ ಸೇರಿಸಿ 20ನ್ನು 13ಕ್ಕೆ ಇಳಿಸಿದ್ದರು. ನಾನೂ ಅದೇ ದಾರಿ ಹಿಡಿದು, ನೀರಿಗೆ ಸೇರದ ಆಮ್ಲಗಳು ಮಂದ್ರ (ಕೆಳಗಿನ ಸ್ಥಾಯಿ), ಸೇರುವವು ಮಧ್ಯ ಅಂತ ಇಟ್ಟೆ. ಆಗ ಒಂದು ಮಜಾ ಆಯಿತು. ವೈರಸ್‌ನ ಹೊದಿಕೆಯ ಪ್ರೋಟೀನ್ ಕೊನೆಗೆ ಬರುತ್ತಿದ್ದ ಹಾಗೆ ಸ್ವರ ಮಂದ್ರಕ್ಕೆ ಇಳಿದು ಅಲ್ಲೇ ಸುತ್ತತೊಡಗಿತು. ನೋಡಿದರೆ ಅದು ಕೊಬ್ಬಿನ ಪೊರೆಯೊಳಗೆ ಹುದುಗಿ ಕೂರುವ ಭಾಗ, ನೀರು ಕಂಡರಾಗದ ಆಮ್ಲಗಳೇ ಜಾಸ್ತಿ. ಮೋಹನ ನನ್ನದು, ಮಂದ್ರವೂ ನಾನು ಕೊಟ್ಟಿದ್ದೇ, ಆದರೆ ಅಲ್ಲಿ ಅಷ್ಟು ಹೊತ್ತು ನಿಂತಿದ್ದು ಮಾತ್ರ ವೈರಸ್‌ನದ್ದೇ.

ನೀವು ಮಾಡುವುದಾದರೆ ಪೂರ್ತಿ ವೈರಸ್‌ಗೆ ಕೈ ಹಾಕಬೇಡಿ. ಅಕ್ಷರಕ್ಕೆ ಅರ್ಧ ಸೆಕೆಂಡ್ ಅಂದರೂ ಒಂದೂವರೆ ಗಂಟೆ ಆಗುತ್ತದೆ. ಆ ಹೊದಿಕೆಯ ಪ್ರೋಟೀನ್ ಒಂದೇ ಸಾಕು, 500ರ ಹತ್ತಿರ ಸ್ವರ, ನಾಲ್ಕು ನಿಮಿಷ ಚಿಲ್ಲರೆ.