ಕುದುರೆಯನ್ನು ಮುಟ್ಟಿಯೇ ನೋಡದವನು ಸೇನೆಯಲ್ಲಿ ಸವಾರನಾಗಬಹುದೇ?

ತಮ್ಮಾ, ಪಿಯುಸಿ ಮುಗಿದ ಮೇಲೆ ಒಂದು ವರ್ಷ ಬೆಂಗಳೂರಿನಲ್ಲಿ ಕುದುರೆ ಸವಾರಿ ಕಲಿತು ಆಮೇಲೆ ಸೇನೆಗೆ ಹೋಗಲೇ ಅಂತ ಶಿರಸಿಯಿಂದ ಕೇಳಿದ್ದೀಯ. ಬೇಡ. ಖಂಡಿತ ಬೇಡ.

ನಾನು ದೇವಿಮನೆ ಘಟ್ಟದ ಕೆಳಗಿನವನು. ಚೆಂಡಿಯಾದ ಮೇಜರ್ ರಾಮ ರಾಘೋಬ ರಾಣೆ ಅವರ ಪರಮವೀರ ಚಕ್ರದ ಕತೆ ಕೇಳಿ ಬೆಳೆದೆ. ಆದರೆ ಹತ್ತಿರದಿಂದ ನೋಡಿದ್ದು ದನ, ಎಮ್ಮೆ ಮಾತ್ರ. ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ ಸೇನೆಯ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸವಾರಿಯನ್ನು ಮೊದಲಿನಿಂದ ಕಲಿಸುತ್ತಾರೆ. ತೊಡೆ ಸುಲಿಯಿತು, ಎಷ್ಟೋ ಸಲ ಬಿದ್ದೆ, ಕಲಿತೆ. ಅದು ದೊಡ್ಡ ವಿಷಯವೇ ಅಲ್ಲ.

ನಾನು ಸೋತದ್ದು ಬೇರೆ ಕಡೆ. ಆಗ ಕ್ಯಾಪ್ಟನ್ ಆಗಿದ್ದೆ. ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆ. ಡ್ರೆಸಾಜ್ (ಹೇಳಿದಂತೆ ಶಿಸ್ತಾಗಿ ಹೆಜ್ಜೆ ಹಾಕಿಸುವುದು), ಕ್ರಾಸ್ ಕಂಟ್ರಿ (ಬಯಲಿನಲ್ಲಿ ತಡೆಗಳನ್ನು ಹಾರಿಸುತ್ತ ಓಡಿಸುವುದು), ಜಂಪಿಂಗ್ (ಅಂಗಣದಲ್ಲಿ ತಡೆ ಹಾರಿಸುವುದು), ಮೂರಕ್ಕೂ ಅದೇ ಕುದುರೆ. ಡ್ರೆಸಾಜ್ ಮುಗಿದಾಗ ಎರಡನೇ ಸ್ಥಾನದಲ್ಲಿದ್ದೆ. ಕ್ರಾಸ್ ಕಂಟ್ರಿಯ ಬೆಳಿಗ್ಗೆ ಕುದುರೆ ನೋಡಿಕೊಳ್ಳುವ ಸೈಸ್, 'ಸಾಬ್, ಎಡ ಮುಂಗಾಲು ಬಿಸಿ ಇದೆ' ಎಂದರು. ನಾನು ಚರ್ಮದ ಕೈಗವಸು ಹಾಕಿದ್ದೆ. ಅದನ್ನು ತೆಗೆಯಲಿಲ್ಲ. ಗವಸಿನ ಮೇಲಿಂದಲೇ ಕಾಲು ಸವರಿ 'ಏನಿಲ್ಲ ಬಿಡಿ' ಅಂದೆ.

ಗವಸಿನೊಳಗಿನ ಕೈಗೆ ಬಿಸಿ ಹೇಗೆ ತಿಳಿಯಬೇಕು? ಬರಿಗೈಯ ಹಿಂಬದಿಯಿಂದ ಮುಟ್ಟಬೇಕು. ಒಂದು ಕಾಲಲ್ಲ, ಎರಡೂ ಮುಂಗಾಲು ಮುಟ್ಟಿ ಹೋಲಿಸಬೇಕು. ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ, ಮೂಳೆ ಮತ್ತು ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು. ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಹರಿದರೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ನಾನು ತೆಗೆದುಕೊಳ್ಳಬೇಕಿದ್ದದ್ದು ಅರ್ಧ ನಿಮಿಷ. ಅಷ್ಟೇ.

ಹಾಗೇ ಹತ್ತಿ ಹೊರಟೆ. ಕುದುರೆ ನನಗಾಗಿ ಎಲ್ಲ ಬೇಲಿ ಹಾರಿತು. ನೀರಿನ ತಡೆ ದಾಟಿದ ಮೇಲೆ ಎಡಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎತ್ತತೊಡಗಿತು. ನೋವಿರುವ ಕುದುರೆ ಹಾಗೇ ಮಾಡುವುದು. ಇಳಿದು ಗವಸು ಕಿತ್ತು ಮುಟ್ಟಿದೆ. ಆಗಷ್ಟೇ ಇಳಿಸಿದ ಅನ್ನದ ಪಾತ್ರೆಯ ಹಾಗೆ ಸುಡುತ್ತಿತ್ತು. ಆ ಕುದುರೆ ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ.

ನಮ್ಮ ಅಪ್ಪಯ್ಯ ದಿನಾ ಹಾಲು ಕರೆಯುವ ಮೊದಲು ಹುಷಾರಾಗಿದೆಯೇ ಅಂತ ಎಮ್ಮೆಯ ಕಿವಿ ಮುಟ್ಟಿ ನೋಡುತ್ತಿದ್ದರು. ಹತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೆ. ಸಮವಸ್ತ್ರ ಹಾಕಿದ ಮೇಲೆ ಮರೆತೆ. ಅದಕ್ಕೇ ಹೇಳುತ್ತೇನೆ, ಬೆಂಗಳೂರಿನ ಕ್ಲಬ್‌ಗೆ ಸುಮ್ನೆ ದುಡ್ಡು ಸುರಿಯುವ ಬದಲು ಮನೆಯ ಕೊಟ್ಟಿಗೆಯಲ್ಲಿ ಕೆಲಸ ಮಾಡು. ಸೇನೆಯಲ್ಲಿ ಮೊದಲು ಅಧಿಕಾರಿ ಆಗಬೇಕು, ಆಮೇಲೆ ಸವಾರ. ಸವಾರಿಗಾಗಿಯೇ ಸೇನೆ ಸೇರುವುದಾದರೆ ಸೇರಲೇ ಬೇಡ. ಜವಾನರು ನಿನ್ನನ್ನು ನಂಬಿ ಹಿಂದೆ ಬರುತ್ತಾರೆ, ಆ ಕುದುರೆ ನನ್ನನ್ನು ನಂಬಿದ ಹಾಗೆ.

ಇನ್ನೊಂದು, ಎನ್‌ಡಿಎಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಒಂದು ವರ್ಷ ಕಳೆದರೆ ಜಾಸ್ತಿ ಅವಕಾಶ ಉಳಿಯಲ್ಲ. ಅದರ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತದ್ದೇ. ನಿನ್ನ ಗಣಿತ ಹೇಗಿದೆ? ಅದನ್ನು ಬರೆ, ಮುಂದಿನದು ಮಾತಾಡೋಣ.